ಬಾಡಿಗೆಗೆ ಬಂದ ತೊಟ್ಟಿಮನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಉಳಿದಿರುವ ಹಳೆಯ ದೊಡ್ಡ ಮನೆಗಳು ಬಹುಪಾಲು ತೊಟ್ಟಿಮನೆಗಳು. ಬೀದಿಗೆ ಮುಖ ಮಾಡಿದ ಜಗಲಿ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ನಾಲ್ಕು ಮಗ್ಗುಲಿಗೂ ಮರದ ಕಂಬಗಳ ಪಡಸಾಲೆ, ಆಚೆಗೆ ನಡುಮನೆ, ದೇವರಮನೆ, ಅಡುಗೆಮನೆ, ಹಿತ್ತಲು. ಗೋಡೆ ಮಣ್ಣಿನದು, ಮೇಲೆ ನಾಡಹೆಂಚು, ಅನುಕೂಲಸ್ಥರಾದರೆ ಮಂಗಳೂರು ಹೆಂಚು. ಇಂಥ ಮನೆಯನ್ನು ಮದುವೆ, ನಾಮಕರಣ, ಷಷ್ಟಿಪೂರ್ತಿಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ರೂಢಿ ಈಚಿನದು. ಸಕಲೇಶಪುರದ ಕಾಫಿ ತೋಟದ ಬಂಗಲೆಗಳಲ್ಲಿ ಹೆಚ್ಚಾಗಿ ಕಾಣುವ ಇದು ಮೈದಾನದ ಈ ತಾಲ್ಲೂಕುಗಳಲ್ಲಿ ಇನ್ನೂ ತೆಳುವಾಗಿದೆ. ಪಾಳುಬೀಳುತ್ತಿರುವ ಮನೆ ಇದರಿಂದ ಉಳಿಯುತ್ತದೆ ಎಂಬುದು ಇದರ ಪರವಾಗಿ ಹೇಳುವ ಮುಖ್ಯ ಮಾತು. ಆ ಮಾತು ಅರ್ಧ ನಿಜ. ಮನೆ ಉಳಿಯುವುದೂ ಕೆಡುವುದೂ ಬಾಡಿಗೆ ಎಷ್ಟು ಎಂಬುದಕ್ಕಿಂತ, ಹೊಸ್ತಿಲು ದಾಟಿ ಒಳಗೆ ಎಷ್ಟು ಜನ ಬರುತ್ತಾರೆ ಎಂಬುದರ ಮೇಲೆ ನಿಂತಿದೆ.

ಈ ಮನೆಗಳು ಖಾಲಿಯಾದದ್ದಕ್ಕೆ ಕಾರಣ ಪಟ್ಟಣದ ಸೆಳೆತ ಒಂದೇ ಅಲ್ಲ. ದೊಡ್ಡಮನೆ ಎಂದರೆ ಹೆಚ್ಚಾಗಿ ಶಾನುಭೋಗರದು, ಪಟೇಲರದು, ಜೋಡಿದಾರರದು. 1954 ಮತ್ತು 1955ರ ಇನಾಂ ರದ್ದತಿ ಕಾಯಿದೆಗಳು ಜೋಡಿದಾರಿಕೆಯನ್ನು ಮುಗಿಸಿದವು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಶಾನುಭೋಗಿಕೆ, ಪಟೇಲಿಕೆಗಳ ವಂಶಪಾರಂಪರ್ಯದ ಹಕ್ಕನ್ನು ತೆಗೆಯಿತು. 1974ರ ಭೂಸುಧಾರಣೆ ಗೇಣಿಯನ್ನೇ ನಿಲ್ಲಿಸಿತು. ಗೇಣಿಯ ಭತ್ತ ಬಂದು ಬೀಳುತ್ತಿದ್ದ ಕಣಜ ಬರಿದಾದ ಮೇಲೆ, ವರ್ಷಾವರ್ಷ ಹೆಂಚು, ಸುಣ್ಣ, ಗೆದ್ದಲಿನ ಖರ್ಚನ್ನು ಮನೆ ತಾನೇ ಹೊರಬೇಕಾಯಿತು. ಇವು ನ್ಯಾಯವಾದ ಕಾನೂನುಗಳು. ಅವುಗಳಿಂದ ಉಳುವವನಿಗೆ ನೆಲ ದಕ್ಕಿತು. ದೊಡ್ಡಮನೆಯ ಸೊಗಸನ್ನು ಹೊಗಳುವವರು ಆ ಸೊಗಸಿಗೆ ದುಡಿದವರು ಯಾರು ಎಂಬುದನ್ನು ಮರೆಯುವುದು ಸಾಮಾನ್ಯ. ಆಮೇಲೆ ಅಣ್ಣತಮ್ಮಂದಿರ ಪಾಲು ಬಂತು. ತೊಟ್ಟಿಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದ ಮನೆಯನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ. ಇಂದು ಮದುವೆಗೆ ಸಿಗುವವು ಪಾಲಾಗದೆ ಉಳಿದ, ಇಲ್ಲವೇ ಒಬ್ಬರೇ ಎಲ್ಲ ಪಾಲನ್ನೂ ಕೊಂಡುಕೊಂಡ ಮನೆಗಳು ಮಾತ್ರ.

ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳದ್ದೂ ಇದಕ್ಕೆ ಹತ್ತಿರದ ಕಥೆ. ತೆರಿಗೆ ಮತ್ತು ಯುದ್ಧಗಳ ಹೊಡೆತಕ್ಕೆ ಅಲ್ಲಿ ನೂರಾರು ಮನೆಗಳು ನೆಲಸಮವಾದವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ನಾಶದ ಬಗ್ಗೆಯೇ ಪ್ರದರ್ಶನ ಏರ್ಪಡಿಸಿದ್ದು 1974ರಲ್ಲಿ, ಇಲ್ಲಿ ಗೇಣಿ ರದ್ದಾದ ವರ್ಷ. 1994ರ ವಿವಾಹ ಕಾಯಿದೆಯಿಂದಾಗಿ ಅಲ್ಲಿ ಅನುಮತಿ ಪಡೆದ ಕಟ್ಟಡಗಳಲ್ಲಿ ಸಿವಿಲ್ ಮದುವೆ ನಡೆಸಲು ದಾರಿಯಾಯಿತು. ಮದುವೆಯ ಬಾಡಿಗೆ ಬಂಗಲೆಗಳ ಆದಾಯವಾಯಿತು. ಹಾಗೆ ಅನುಮತಿ ಪಡೆಯಬೇಕಾದರೆ ಬೆಂಕಿಯಿಂದ ರಕ್ಷಣೆಯ ಏರ್ಪಾಡು ತೋರಿಸಬೇಕು. ನಮ್ಮ 1955ರ ಹಿಂದೂ ವಿವಾಹ ಕಾಯಿದೆ ಶಾಸ್ತ್ರದ ಮಾತಾಡುತ್ತದೆ, ಜಾಗದ ಮಾತೆತ್ತುವುದಿಲ್ಲ. ಅದು ಒಳ್ಳೆಯದೇ. ಆದರೆ ಆ ಸಡಿಲಿಕೆಯಿಂದ, ಹಳ್ಳಿಯ ಹಳೆಯ ಮನೆಯನ್ನು ಮದುವೆಗೆ ಬಿಡುವ ಮುನ್ನ ಪರಿಶೀಲಿಸುವ ಸಂದರ್ಭವೇ ಬರುವುದಿಲ್ಲ.

ತೊಟ್ಟಿಮನೆಯಲ್ಲಿ ಮದುವೆ ಹೊಸದಲ್ಲ. ಕಲ್ಯಾಣಮಂಟಪ ಬರುವ ಮೊದಲು ಮದುವೆಯೆಂದರೆ ಮನೆಯ ಮದುವೆಯೇ. ಹಾಗಿದ್ದೂ ಮದುವೆಯ ಜನ ಮನೆಯೊಳಗೆ ಇರುತ್ತಿರಲಿಲ್ಲ. ಬಾಗಿಲ ಮುಂದೆ ಅಡಿಕೆ ದಬ್ಬೆ, ತೆಂಗಿನ ಗರಿಯ ಚಪ್ಪರ ಏಳುತ್ತಿತ್ತು. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಕಡೆ ಗರಿಗೆ ಬರವಿರಲಿಲ್ಲ. ಶಾಸ್ತ್ರದ ಕಂಬ ನೆಡುವುದು, ಧಾರೆ, ಊಟದ ಪಂಕ್ತಿ, ಸೋಬಾನೆ ಹಾಡುವ ಹೆಂಗಸರು, ವಾಲಗದವರು ಎಲ್ಲ ಆ ಚಪ್ಪರದ ಕೆಳಗೆ. ಅಡುಗೆ ಹಿತ್ತಲಲ್ಲಿ, ನೆಲ ತೋಡಿ ಮಾಡಿದ ಉದ್ದದ ಒಲೆಯ ಮೇಲೆ. ಒಳಗಿನ ಪಡಸಾಲೆಯಲ್ಲಿ ಹತ್ತಿರದ ನೆಂಟರು, ಬಾಣಂತಿಯರು, ಮುದುಕರು. ನಡುಮನೆಯಲ್ಲಿ ಎಣ್ಣೆ ಅರಿಶಿನ, ದೇವರಮನೆಯಲ್ಲಿ ಕಳಶ. ಊರಿಗೆ ಊರೇ ಉಂಡರೂ ಮನೆಯ ನೆಲ ಸವೆಯುತ್ತಿರಲಿಲ್ಲ. ಮೂರು ದಿನ ನಿಂತ ಚಪ್ಪರ ಬಿಚ್ಚಿದರೆ ಗರಿ ಸೌದೆಗೆ ಹೋಗುತ್ತಿತ್ತು, ಅಂಗಳ ಮೊದಲಿನಂತಾಗುತ್ತಿತ್ತು.

ಈಗಿನ ಬಾಡಿಗೆ ಮದುವೆ ಈ ಏರ್ಪಾಡನ್ನು ತಲೆಕೆಳಗು ಮಾಡಿದೆ. ಜನ ದುಡ್ಡು ಕೊಡುವುದು ಕಂಬ, ಬೋದಿಗೆ, ತೊಟ್ಟಿಗಳಿಗಾಗಿ. ಆದ್ದರಿಂದ ಧಾರೆಯೂ ಫೋಟೊವೂ ಒಳಗೇ ಆಗಬೇಕು. ತೊಟ್ಟಿಯೇ ಮಂಟಪವಾಗುತ್ತದೆ. ಮೊದಲ ಪೆಟ್ಟು ಬೀಳುವುದು ಅಲ್ಲಿಗೆ. ನಾಲ್ಕು ಕಡೆಯ ಹೆಂಚಿನ ನೀರು ತೊಟ್ಟಿಗೆ ಇಳಿದು, ಮೂಲೆಯ ಕಲ್ಲಿನ ತೂಬಿನಿಂದ ಬೀದಿಯ ಚರಂಡಿಗೆ ಹೋಗುವಂತೆ ಕಟ್ಟಿರುತ್ತಾರೆ. ಅಕ್ಷತೆ, ಸೇವಂತಿಗೆ ಎಸಳು, ಥರ್ಮಾಕೋಲ್ ಚೂರುಗಳು ಆ ತೂಬಿನಲ್ಲಿ ಕಟ್ಟಿಕೊಂಡರೆ ಮುಂದಿನ ಮಳೆಗೆ ನೀರು ಪಡಸಾಲೆಗೆ ಏರುತ್ತದೆ, ಮಣ್ಣುಗೋಡೆಯ ಬುಡ ನೆನೆಯುತ್ತದೆ. ಬುಡ ನೆಂದ ಮಣ್ಣುಗೋಡೆಗೆ ಹೊರಗಿನಿಂದ ಸಿಮೆಂಟ್ ಬಳಿದರೆ ಒಳಗಿನ ತೇವ ಆರದೆ ಗೋಡೆ ಇನ್ನೂ ಬೇಗ ಸಡಿಲವಾಗುತ್ತದೆ. ಬಳಿಯುವುದು ಮಾತ್ರ ಸಿಮೆಂಟನ್ನೇ. ಬಿಸಿಲಿಗೆ ಅಂಜಿ ತೊಟ್ಟಿಯ ಮೇಲೆ ಫೈಬರ್ ಶೀಟ್ ಹೊದಿಸಿದರೆ ಬಿಸಿಗಾಳಿ ಮೇಲೇರಿ ಹೋಗುವ ಬಾಯೇ ಮುಚ್ಚುತ್ತದೆ. ತಂಪಿಗೆ ಹೆಸರಾದ ಮನೆಯಲ್ಲಿ ಕೂಲರ್ ತಂದಿಡಬೇಕಾಗುತ್ತದೆ. ಹೂವಿನ ಅಲಂಕಾರದವರು ಬೋದಿಗೆಗೆ ಹೊಡೆದ ಮೊಳೆ, ಕಂಬಕ್ಕೆ ಸುತ್ತಿದ ಅಂಟು ಟೇಪು, ಕುರ್ಚಿ ಎಳೆದು ಗೀರಿದ ರೆಡ್ ಆಕ್ಸೈಡ್ ನೆಲ ಇವೆಲ್ಲ ಒಂದೊಂದೂ ಸಣ್ಣದು. ಒಂದು ಲಗ್ನಮಾಸದಲ್ಲಿ ಎಷ್ಟು ಮುಹೂರ್ತವೋ ಅಷ್ಟು ಸಲ ಆಗುವಂಥದ್ದು.

ಬೆಂಕಿಯ ವಿಷಯ ಇದಕ್ಕಿಂತ ಗಂಭೀರ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ 1900ರಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯಬೇಕಾಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣಮಂಟಪಕ್ಕೆ ಗ್ಲಾಸ್ಗೊದಿಂದ ತಂದ ಎರಕದ ಕಬ್ಬಿಣದ ಕಂಬಗಳನ್ನು ಹಾಕಿದರು. ಅರಸರಿಗೆ ಹೊಸ ಮನೆ ಕಟ್ಟಿಕೊಳ್ಳುವ ತಾಕತ್ತಿತ್ತು. ತೊಟ್ಟಿಮನೆಯ ಅಟ್ಟ, ತೊಲೆ, ಜಂತೆ ಎಲ್ಲ ನೂರು ವರ್ಷ ಒಣಗಿದ ಮರ. ಹೋಮಕ್ಕೆ ಪುರೋಹಿತರು ತೊಟ್ಟಿಯ ನಡುವೆ ಕುಳಿತರೆ ಹೊಗೆಗೆ ದಾರಿಯಾದರೂ ಇದೆ. ಮೇಲೆ ಶೀಟ್ ಹೊದಿಸಿದ ಮೇಲೆ ಅದೂ ಇಲ್ಲ. ಇದಕ್ಕೆ ಜನರೇಟರಿನ ತಂತಿ, ಸೀರಿಯಲ್ ಸೆಟ್ಟು, ಆರತಕ್ಷತೆಯ ಹೊತ್ತಿಗೆ ಹಚ್ಚುವ ಕಿಡಿಯ ಕಾರಂಜಿ ಸೇರುತ್ತವೆ. ಮನೆಗೆ ಇರುವುದು ಹೆಚ್ಚೆಂದರೆ ಎರಡು ಬಾಗಿಲು, ಎರಡೂ ತಗ್ಗು.

ಬಾಡಿಗೆಯ ದುಡ್ಡು ಮನೆಯ ರಿಪೇರಿಗೆ ಆಗುತ್ತದೆ ಎಂಬ ಲೆಕ್ಕಕ್ಕೂ ಪಂಚಾಂಗ ಅಡ್ಡ ಬರುತ್ತದೆ. ಹೆಂಚು ಕೈಯಾಡಿಸಬೇಕಾದದ್ದು ಮುಂಗಾರಿಗೆ ಮುಂಚೆ, ಅಂದರೆ ಚೈತ್ರ, ವೈಶಾಖದಲ್ಲಿ. ಮುಹೂರ್ತಗಳು ಒತ್ತೊತ್ತಾಗಿ ಬೀಳುವುದೂ ಆಗಲೇ. ಮದುವೆಯಿಲ್ಲದ ಆಷಾಢಕ್ಕೆ ಮನೆ ಬಿಡುವಾಗುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ದುಡ್ಡು ಬಂದರೂ ಆ ವರ್ಷದ ಹೆಂಚಿನ ಕೆಲಸ ತಪ್ಪುತ್ತದೆ. ಹಾಗೆ ಎರಡು ಮೂರು ವರ್ಷ ತಪ್ಪಿದರೆ ಜಂತೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನ ಮನೆಯನ್ನು ಯಾರಿಗೂ ಕೊಡದ ಯಜಮಾನ ಮಾತ್ರ ಈ ರೂಢಿಯಿಂದ ಮನೆಗೆ ಲಾಭ ಮಾಡಿಕೊಟ್ಟಾನು.

ಕಲ್ಯಾಣಮಂಟಪವನ್ನು ಸಿಮೆಂಟಿನ ಡಬ್ಬಿ ಎಂದು ಹಳಿಯುವುದು ಸುಲಭ. ಆದರೆ ಅದು ಯಾರ ಮನೆಯೂ ಅಲ್ಲದ್ದರಿಂದಲೇ ಬಾಡಿಗೆ ಕೊಟ್ಟವರೆಲ್ಲ ಅಲ್ಲಿ ಸಮನಾಗಿ ಕೂತರು. ದೊಡ್ಡಮನೆಯ ಜಗಲಿಯಲ್ಲಿ ಯಾರು ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರಿಗೆ ಎಲೆ ಎಲ್ಲಿ ಹಾಕಬೇಕು ಎಂಬುದಕ್ಕೆ ಜಾತಿಯ ಕಟ್ಟಳೆಯಿತ್ತು. ಬಾಡಿಗೆ ಆ ಹೊಸ್ತಿಲನ್ನು ಸಡಿಲಿಸಿದ್ದರೆ ಅದೇ ಈ ರೂಢಿಯ ದೊಡ್ಡ ಗುಣ. ಅಜ್ಜ ಅಂಗಳ ದಾಟದ ಮನೆಯ ಪಡಸಾಲೆಯಲ್ಲಿ ಮೊಮ್ಮಗಳ ಧಾರೆಯಾಗುವುದು ಸಣ್ಣ ಮಾತಲ್ಲ. ಅಡುಗೆಮನೆಯ ಷರತ್ತಿನಲ್ಲಿ ಮಾತ್ರ ಹಳೆಯದು ಮತ್ತೆ ಇಣುಕುತ್ತದೆ. ಮಾಂಸದಡುಗೆ ಕೂಡದು ಎಂದರೆ ಒಕ್ಕಲಿಗರ, ಇನ್ನೂ ಹಲವು ಸಮುದಾಯದವರ ಬೀಗರೂಟ ಬೇರೆ ಜಾಗ ಹುಡುಕಬೇಕು.

ಇವೆಲ್ಲವನ್ನೂ ಇಟ್ಟು ನೋಡಿದರೆ ಸಕಲೇಶಪುರದ ತೋಟದ ಬಂಗಲೆಗಳು ಈ ಕೆಲಸವನ್ನು ಹೆಚ್ಚು ಸಲೀಸಾಗಿ ಹೊರುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮಂಜರಾಬಾದ್ ಸೀಮೆಗೆ ಬಂದ ಯುರೋಪಿಯನ್ ಪ್ಲಾಂಟರುಗಳು ಹಾಕಿಕೊಟ್ಟ ಮಾದರಿಯಲ್ಲಿ ಅಗಲವಾದ ವರಾಂಡ, ಮುಂದೆ ಹುಲ್ಲಿನ ಅಂಗಳ, ಸುತ್ತ ತೋಟ. ಪೆಂಡಾಲ್ ಹುಲ್ಲಿನ ಮೇಲೆ ನಿಲ್ಲುತ್ತದೆ, ಬಂಗಲೆಗೆ ನೂಕುನುಗ್ಗಲು ತಟ್ಟುವುದಿಲ್ಲ. ಹಳೆಯ ಚಪ್ಪರದ ಕ್ರಮವೇ ಅಲ್ಲಿ ಗೊತ್ತಿಲ್ಲದೆ ಉಳಿದಿದೆ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಇನ್ನೊಂದು ದಾರಿ ಕಾಣುತ್ತದೆ: ಎಲ್ಲೆಲ್ಲೋ ನೆಲೆಸಿರುವ ಕುಟುಂಬಗಳು ಸ್ವಂತ ಮದುವೆಗಳಿಗೆ ಪೂರ್ವಿಕರ ಮನೆಗೇ ಮರಳುತ್ತವೆ. ಬಾಡಿಗೆಯಿಲ್ಲದಿದ್ದರೂ ಮನೆಗೆ ಸುಣ್ಣವಾಗುತ್ತದೆ. ಬೆಂಗಳೂರಿನಲ್ಲಿರುವ ಹಾಸನದ ಕುಟುಂಬಗಳಿಗೆ ಇದು ಹೆಚ್ಚು ಹೊಂದುವ ದಾರಿ. ಈಗ ನಾಲ್ಕು ಗಂಟೆಯ ಪ್ರಯಾಣವೂ ಅಲ್ಲ.

ಮದುವೆಯ ಮುಂಚಿನ ಫೋಟೊಗಳ ಗೀಳು ಬೇರೆಯೇ ಜಾತಿಯದು. ಹಾಸನದ ಹತ್ತಿರ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚು ಇದಕ್ಕೆ ಹೆಸರುವಾಸಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇದು ಗೊರೂರು ಅಣೆಕಟ್ಟಿನ ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತ ಬೇಸಿಗೆಯಲ್ಲಿ ಏಳುತ್ತ ಗೋಡೆಗೋಡೆಯಾಗಿ ಕುಸಿಯುತ್ತಿದೆ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಂದ ಕಟ್ಟಡಕ್ಕೆ ಒಂದು ಇಟ್ಟಿಗೆಯೂ ಸಲ್ಲುವುದಿಲ್ಲ. ಬಾಡಿಗೆ ತೊಟ್ಟಿಮನೆಯ ಯಜಮಾನ ಕೊನೆಯ ಪಕ್ಷ ಮರುದಿನ ಗುಡಿಸಿ ಸಾರಿಸುತ್ತಾನೆ.

ಉಳಿದದ್ದು ಹೊಸದಾಗಿ ಕಟ್ಟುವ ‘ತೊಟ್ಟಿಮನೆ ಶೈಲಿ’ಯ ರೆಸಾರ್ಟು, ಮಂಟಪಗಳು. ನಕಲು ಎಂದು ಮೂಗು ಮುರಿಯುವವರಿದ್ದಾರೆ. ಸಾವಿರ ಜನರ ಮದುವೆಗೆ ಕಾಂಕ್ರೀಟ್ ಅಡಿಪಾಯ, ಅಗಲ ಬಾಗಿಲು, ಸಾಲು ಶೌಚಾಲಯವಿರುವ ನಕಲೇ ವಾಸಿ. ಅಸಲಿ ಮನೆ ಆ ಹೊರೆಯಿಂದ ಪಾರಾಗುತ್ತದೆ. ನಕಲಿನ ದೋಷವಿರುವುದು ಹಳೆಯ ಮನೆಗಳಿಂದ ಬಿಚ್ಚಿ ತಂದು ನಿಲ್ಲಿಸಿದ ಕಂಬಗಳಲ್ಲಿ. ಹಳೆಯ ತೇಗ, ಹಲಸಿನ ಕಂಬಗಳಿಗೂ ಕೆತ್ತನೆಯ ಬಾಗಿಲುವಾಡಕ್ಕೂ ಹಳೆಮರದ ವ್ಯಾಪಾರಿಗಳು ಒಳ್ಳೆಯ ಬೆಲೆ ಕೊಡುತ್ತಾರೆ. ರಿಪೇರಿಗೆ ದುಡ್ಡಿಲ್ಲದ ಮನೆಯನ್ನು ಬಿಚ್ಚಿ ಮಾರಿದರೆ ಬರುವ ಹಣ, ಹಲವು ವರ್ಷದ ಬಾಡಿಗೆಗಿಂತ ಮಾಲೀಕನಿಗೆ ಹೆಚ್ಚು ಆಕರ್ಷಕ. ಹೊಸ ಮರದಲ್ಲಿ ಕೆತ್ತಿಸಿ ಕಂಬ ನಿಲ್ಲಿಸಿದ ಕಡೆ ಈ ಆಕ್ಷೇಪಣೆ ಇಲ್ಲ.