ಸಿಪ್ಪೆಯ ಕಂಪು, ರಸದ ಹುಳಿ

ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸಿಗಳಲ್ಲಿ, ಕಿತ್ತಳೆಯ ಸೌರಭಕ್ಕಾಗಿ ಹಣ್ಣಿನ ಗೊಡವೆಗೇ ಹೋಗದೆ, ಸಿಪ್ಪೆಯ ಪರಿಮಳವನ್ನು ಮದ್ಯಸಾರದಲ್ಲಿ ಇಳಿಸಿ ಸಕ್ಕರೆ ಬೆರೆಸಿದ ಲಿಕ್ಯೂರನ್ನು ಅದಕ್ಕೆ ಕೂಡಿಸುವ ಪದ್ಧತಿಯೊಂದು ರೂಢಿಯಲ್ಲಿದೆ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವಾದುದರಿಂದ, ಕನ್ನಡಿಗರಲ್ಲಿ ಇದನ್ನು ನಿರಾತಂಕವಾಗಿ ಆಚರಿಸಬಲ್ಲವರು, 1978ರ ಶಾಸನದಿಂದ ಸ್ವಂತ ಬಳಕೆಯ ಬಿಯರಿಗೆ ತೆರಿಗೆಯ ವಿನಾಯಿತಿ ದೊರೆತ ಅಮೆರಿಕದಂತಹ ದೇಶಗಳಲ್ಲಿ ನೆಲೆಸಿದವರು ಮಾತ್ರ. (ಕಾಯಿದೆ ಅಡ್ಡಿಯಾಗದಿದ್ದರೂ ಬಿಸಿಲು ಬಿಡುತ್ತಿರಲಿಲ್ಲ: ಏಲ್ ಜಾತಿಯ ಯೀಸ್ಟಿಗೆ 18ರಿಂದ 22 ಡಿಗ್ರಿಯ ತಂಪು ಹಿತ, ರಾಯಚೂರಿನ ಬೇಸಗೆ 40ನ್ನು ಲೀಲಾಜಾಲವಾಗಿ ದಾಟುತ್ತದೆ.) ಇದೇ ರಾಯಚೂರು ಸೀಮೆಯ ಮಟಮಾರಿಯಲ್ಲಿ ಕುಳಿತು ಈ ಪದ್ಧತಿಯನ್ನು ವಿಮರ್ಶಿಸುವ ಅಧಿಕಾರ ನನಗೆ ಎಲ್ಲಿಂದ ಬಂತೆಂದರೆ, ಜೋಳದ ಅಂಬಲಿಯ ಹುಳಿಯಲ್ಲಿ ಪಳಗಿದ ನಾಲಗೆಯಿಂದ ಎಂದಷ್ಟೇ ಹೇಳಬಲ್ಲೆ.

ಪದ್ಧತಿಯ ಕುಲಮೂಲವೇನೋ ಘನವಾದುದೇ. ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿ ಸ್ಪೇನಿನವರು ನೆಟ್ಟ ಕಿತ್ತಳೆ ಅಲ್ಲಿಯ ಒಣನೆಲದಲ್ಲಿ ತಿನ್ನಲಾರದಷ್ಟು ಕಹಿಯಾಯಿತು. ಆದರೆ ಅದರ ಒಣಗಿದ ಸಿಪ್ಪೆಯ ಸುಗಂಧ ದ್ವೀಪದ ಹೆಸರನ್ನೇ ಹೊತ್ತು ಯುರೋಪನ್ನು ಗೆದ್ದಿತು. ಬೆಲ್ಜಿಯಮ್ಮಿನ ಹೂಗಾರ್ಡನ್ ಎಂಬ ಊರಿನಲ್ಲಿ, ನಂದಿಹೋಗಿದ್ದ ಬಿಳಿಯ ಗೋದಿ ಬಿಯರಿನ ಪರಂಪರೆಯನ್ನು 1960ರ ದಶಕದಲ್ಲಿ ಪಿಯರ್ ಸೆಲಿಸ್ ಎಂಬಾತ ಪುನರುಜ್ಜೀವನಗೊಳಿಸಿದ್ದು ಈ ಕಹಿಸಿಪ್ಪೆ ಮತ್ತು, ನಮ್ಮ ಕಡೆಯವರು ಕೇಳಿ ಸಂತೋಷಪಡಬಹುದಾದಂತೆ, ಹವೀಜದ ಬಲದಿಂದ.

ಸಿಪ್ಪೆಯನ್ನೇ ಹಾಕಬಹುದಾಗಿರುವಾಗ ಲಿಕ್ಯೂರು ಏತಕ್ಕೆ? ಪ್ರಶ್ನೆ ನ್ಯಾಯವಾದುದು, ಉತ್ತರವೂ ದುರ್ಬಲವಲ್ಲ. ಸಿಪ್ಪೆಯ ಕಂಪಿಗೆ ಮುಖ್ಯ ಆಧಾರವಾದ ಲಿಮೊನೀನ್ ಮೊದಲಾದ ತೈಲಗಳು ನೀರಿನಲ್ಲಿ ಕರಗಲೊಲ್ಲವು, ಮದ್ಯಸಾರದಲ್ಲಿ ಸುಲಭವಾಗಿ ಕರಗುತ್ತವೆ. ಕುದಿಯುವ ಪಾತ್ರೆಗೆ ಸಿಪ್ಪೆಯನ್ನು ಹಾಕಿದರೆ ಪರಿಮಳದ ಬಹುಭಾಗ ಆವಿಯೊಡನೆ ಅಡುಗೆಮನೆಯ ಪಾಲಾಗುತ್ತದೆ, ಒಳಮೈಯ ಬಿಳಿಪದರದ ಕಹಿ ಮಾತ್ರ ನಿಷ್ಠೆಯಿಂದ ಉಳಿಯುತ್ತದೆ. ಹುದುಗಿದ ಮೇಲೆ ಹಾಕಿದರೆ ಹಣ್ಣಿನ ಮೈಮೇಲಿನ ಅನ್ಯಜೀವಾಣುಗಳ ಭಯ. 40 ಪ್ರತಿಶತ ಮದ್ಯಸಾರವುಳ್ಳ ಲಿಕ್ಯೂರಿನಲ್ಲಿ ಈ ಎರಡು ದೋಷಗಳೂ ಇಲ್ಲ. ಮೇಲಾಗಿ ಅದನ್ನು ಹನಿಹನಿಯಾಗಿ ಅಳೆದು ರುಚಿ ನೋಡುತ್ತ ಬೆರೆಸಬಹುದು.

ತೊಡಕಿರುವುದು ಸಕ್ಕರೆಯಲ್ಲಿ. ಲೀಟರಿಗೆ 250 ಗ್ರಾಂ ಸಕ್ಕರೆಯುಳ್ಳ ಲಿಕ್ಯೂರನ್ನು 20 ಲೀಟರ್ ಬಿಯರಿಗೆ 300 ಮಿಲಿಲೀಟರಿನಷ್ಟು ಬೆರೆಸಿದರೆ 75 ಗ್ರಾಂ ಸಕ್ಕರೆ ಒಳಸೇರಿತು. ಬಾಟಲಿಯಲ್ಲಿ ನೊರೆಯೇಳಿಸಲೆಂದು ಹವ್ಯಾಸಿಯು ಹಾಕುವ ಸಕ್ಕರೆ ಲೀಟರಿಗೆ ಸುಮಾರು 6-7 ಗ್ರಾಂ. ಎಂದರೆ ಇಡೀ 20 ಲೀಟರಿಗೆ ಬೇಕಾದುದರ ಅರ್ಧಕ್ಕಿಂತ ಹೆಚ್ಚು ಭಾಗ ಅರಿವಿಲ್ಲದೆಯೇ ಬಂದುಬಿಟ್ಟಿತು. ಇದನ್ನು ಲೆಕ್ಕದಿಂದ ಕಳೆಯದವನ ಬಾಟಲಿಗಳು ಒತ್ತಡದಿಂದ ಸಿಡಿದರೆ ಯೀಸ್ಟನ್ನು ದೂರಿ ಫಲವಿಲ್ಲ. ಸಕ್ಕರೆಯನ್ನು ಯೀಸ್ಟು ತಿಂದುಹಾಕಿದ ಬಳಿಕ ಲಿಕ್ಯೂರಿನ ಮಾಧುರ್ಯವೂ ಮಾಯವಾಗಿ, ಬಟ್ಟಲಲ್ಲಿ ಮೆಚ್ಚಿದ ಆ ಸಿಹಿಗಿತ್ತಳೆ ಬಿಯರಿನಲ್ಲಿ ಒಣಸಿಪ್ಪೆಯಾಗಿ ಪರಿಣಮಿಸುತ್ತದೆ.

ನನ್ನ ಮುಖ್ಯ ಆಕ್ಷೇಪಣೆ ಇದಕ್ಕಿಂತ ಆಳದ್ದು. ನಿಂಬೆ, ಕಿತ್ತಳೆ, ಮಾದಲಗಳಲ್ಲಿ ಕಂಪು ಸಿಪ್ಪೆಯದು, ಹುಳಿ ರಸದ್ದು. ಮೂಗು ಮೊದಲನೆಯದನ್ನು ಕಂಡೊಡನೆ ನಾಲಗೆ ಎರಡನೆಯದಕ್ಕೆ ಸಿದ್ಧವಾಗಿ ನಿಲ್ಲುತ್ತದೆ. ಸಿಪ್ಪೆಯಿಂದ ಇಳಿಸಿದ ಲಿಕ್ಯೂರಿನಲ್ಲಿ ಹೇಳಿಕೊಳ್ಳುವಂಥ ಆಮ್ಲವಿಲ್ಲ. ಹೀಗಾಗಿ ಸಾಧಾರಣವಾದ ತಿಳಿಬಿಯರಿಗೆ ಇದನ್ನು ಬೆರೆಸಿದಾಗ, ದಿಬ್ಬಣ ಬಂದು ಮದುಮಗ ಬಾರದ ಮನೆಯಂತೆ, ಸಡಗರವೆಲ್ಲ ಇದ್ದೂ ಕಾರ್ಯ ಸಾಗದು. ಹುರಿದ ಕಾಳಿನ ಕಪ್ಪುಬಿಯರಿನಲ್ಲಿ ಕಹಿಗೆ ಕಹಿ ಕೂಡಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ.

ಈ ಪದ್ಧತಿಗೆ ತಕ್ಕ ಸ್ಥಾನ ಜರ್ಮನಿಯ ಗೋಸೆ ಎಂಬ ಬಿಯರು. ಲ್ಯಾಕ್ಟಿಕ್ ಆಮ್ಲದ ಹುಳಿ, ಉಪ್ಪು, ಹವೀಜ ಇವು ಅದರ ಲಕ್ಷಣಗಳು. ಹುಳಿ ಬಂದ ಅಂಬಲಿಗೆ ಉಪ್ಪು ಹಾಕಿ ಕುಡಿದ ನಮ್ಮವರಿಗೆ ಅದು ಪರಕೀಯವೆನಿಸಲಾರದು. ಅಲ್ಲಿ ಹುಳಿ ಮೊದಲೇ ಇರುವುದರಿಂದ ಲಿಕ್ಯೂರು ಕಂಪನ್ನಷ್ಟೇ ತಂದರೂ ಹಣ್ಣು ಪೂರ್ಣವಾಗುತ್ತದೆ. ಪರದೇಶದ ಕನ್ನಡ ಮನೆಗಳಲ್ಲಿ ಬಿಯರ್ ಇಳಿಸುವವರು ತಿಳಿಬಿಯರನ್ನು ಅದರ ಪಾಡಿಗೆ ಬಿಟ್ಟು, ಲಿಕ್ಯೂರಿನ ಬಾಟಲಿಯನ್ನು ಗೋಸೆಗೆಂದು ತೆಗೆದಿರಿಸಲಿ. ಸಕ್ಕರೆಯ ಲೆಕ್ಕವನ್ನು ಮಾತ್ರ ಮರೆಯದಿರಲಿ.