ತಣ್ಣಗಾಗದವರು

ಅಮೆರಿಕದ ಎರಡು ವರ್ಷದ ಸಮುದಾಯ ಕಾಲೇಜು ಬಡವರ ಮಕ್ಕಳಿಗೆ ಬಾಗಿಲು ತೆರೆಯುತ್ತದೆ, ಆಮೇಲೆ ಅವರ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸುತ್ತದೆ. 1960ರ ಲೇಖನದಲ್ಲಿ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ತೋರಿಸಿದ್ದು ಇದನ್ನು. ಪರೀಕ್ಷೆ, ಬುದ್ಧಿವಾದ, ಕೊನೆಗೊಂದು ಸಣ್ಣ ಕೋರ್ಸು. ಸೋತದ್ದು ತಾನೇ ಅಂತ ಹುಡುಗ ನಂಬಬೇಕು, ಅಷ್ಟೆ.

ಮಾತು ನಿಜ. ಆದರೆ ಅರ್ಧ ನಿಜ ಅಂತೀವಿ ನಾವು. ತಣ್ಣಗಾಗಲು ಒಪ್ಪದವರು ಅದರಲ್ಲಿಲ್ಲ.

ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್ ನೋಡಿ. ಪೋರ್ಟೊರಿಕೋ ಮೂಲದವರು, ಕರಿಯರು ಕೇಳಿ ಪಡೆದ ಹೊಸ್ತೋಸ್ ಕಾಲೇಜು 1968ರಲ್ಲಿ ಹುಟ್ಟಿತು; ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಕಲಿಸಿತು. 1976ರಲ್ಲಿ ನಗರದ ಬೊಕ್ಕಸ ಬರಿದಾಗಿತ್ತು. ಇದನ್ನು ಇನ್ನೊಂದು ಕಾಲೇಜಿಗೆ ಸೇರಿಸಿ ಅಳಿಸಲು ಮಂಡಳಿ ಹೊರಟಿತು. ವಿದ್ಯಾರ್ಥಿಗಳು, ಮೇಷ್ಟ್ರುಗಳು ಕಟ್ಟಡವನ್ನೇ ಹಿಡಿದು ಕೂತರು. ಕಾಲೇಜು ಉಳಿಯಿತು. ಆದರೆ ನಗರ ವಿಶ್ವವಿದ್ಯಾಲಯದ ಬಿಟ್ಟಿ ಶಿಕ್ಷಣ ಅದೇ ವರ್ಷ ಹೋಯಿತು.

ಇಂಥ ಕಾಲೇಜಿನ ಮುಖ್ಯಸ್ಥರು ಇಬ್ಬರ ನಡುವೆ ನಿಲ್ಲುವವರು: ಒಂದು ಕಡೆ ದುಡ್ಡು ಕೊಡುವ ಮಂಡಳಿ, ಇನ್ನೊಂದು ಕಡೆ ಮಕ್ಕಳನ್ನು ಕಳಿಸುವ ಕೇರಿ. ಮಂಡಳಿಯ ಆದೇಶವನ್ನು ಕೇರಿಗೆ ಓದಿ ಹೇಳೋದು ಸುಲಭ. ಕೇರಿಯ ಸಿಟ್ಟನ್ನು ಮಂಡಳಿಯ ಮುಂದೆ ಇಡೋದು ಕಷ್ಟ. ನಾಯಕತ್ವವನ್ನು ನಾವು ಅಳೆಯೋದು ಇದರಿಂದಲೇ.

ಬೆಂಚಿನ ತುದಿಯಲ್ಲಿ ಕೂತ ಹುಡುಗನಿಗೆ 'ನಿಂಗಿಷ್ಟು ಸಾಕಪ್ಪ' ಅನ್ನೋ ಮೇಷ್ಟ್ರು ನಮ್ಮೂರಲ್ಲೂ ಇದ್ದಾರೆ. ಅವರು ಯಾರ ಕೆಲಸ ಮಾಡ್ತಿದ್ದಾರೆ ಅಂತ ಒಮ್ಮೆ ಕೇಳಿಕೊಳ್ಳಲಿ.