78 ಕೂಡಿಸಿದರೆ ಸಾಲದು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದರಲ್ಲಿ ಶಕ 834, ಪ್ರಜಾಪತಿ ಸಂವತ್ಸರ ಎಂದಿದೆ. ಗಂಡ ನಾಗಾರ್ಜುನ ತೀರಿಕೊಂಡು, ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆ (ನಾಡಿನ ಮುಖ್ಯಸ್ಥಿಕೆ) ಜಕ್ಕಿಯಬ್ಬೆಯ ಕೈಗೆ ಬಂದ ಸಂದರ್ಭ. ರೂಢಿಯಂತೆ 78 ಕೂಡಿಸಿ ಕ್ರಿ.ಶ. 912 ಎಂದುಬಿಟ್ಟರೆ ತಪ್ಪಾಯಿತು. ಪ್ರಜಾಪತಿ ಶುರುವಾದದ್ದು 911ರ ಚೈತ್ರದಲ್ಲಿ. 834 ಎಂಬುದು ಆಗ ನಡೆಯುತ್ತಿದ್ದ ವರ್ಷ, ಕಳೆದುಹೋದದ್ದಲ್ಲ. ಸಂವತ್ಸರದ ಹೆಸರು ಪಕ್ಕದಲ್ಲಿ ಇರದಿದ್ದರೆ ಲೆಕ್ಕ ಒಂದು ವರ್ಷ ಜಾರಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹವಾಮಾನ ಮಾದರಿಗಳ ದತ್ತಾಂಶದಿಂದ ದಿನಾಂಕ ಆರಿಸುವವರಿಗೂ ಇದೇ ಪೇಚು. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಹಲವು ಮಾದರಿಗಳಲ್ಲಿ ತಿಂಗಳೆಂದರೆ 30 ದಿನ, ವರ್ಷವೆಂದರೆ 360. ಫೆಬ್ರವರಿ 30 ಉಂಟು, ಜುಲೈ 31 ಇಲ್ಲ. (ತಿಂಗಳಿಗೆ ಮೂವತ್ತು ತಿಥಿ ಎಣಿಸಿದ ನಮಗೆ ಇದು ತೀರಾ ವಿಚಿತ್ರವೇನಲ್ಲ, ಆದರೆ ನಮ್ಮ ಪಂಚಾಂಗ ಅಧಿಕಮಾಸ ಹಾಕಿ ಸೂರ್ಯನ ಜೊತೆ ಲೆಕ್ಕ ಚುಕ್ತಾ ಮಾಡುತ್ತದೆ.) ದತ್ತಾಂಶ ವಿಶ್ಲೇಷಣೆಯ ತಂತ್ರಾಂಶ ಪಂಡಾಸ್‌ಗೆ ಇಂಥ ದಿನಗಳು ಹಿಡಿಸವು, ನ್ಯಾನೊಸೆಕೆಂಡಿನಲ್ಲಷ್ಟೇ ಎಣಿಸುತ್ತಿದ್ದ ಕಾಲದಲ್ಲಿ 1677ಕ್ಕೆ ಹಿಂದೆಯೂ 2262ಕ್ಕೆ ಮುಂದೆಯೂ ಅದು ಹೋಗುತ್ತಿರಲಿಲ್ಲ. ಅಲ್ಲಿ ನೆರವಿಗೆ ಬರುವುದು ಎಕ್ಸ್‌ಅರೇ ಮತ್ತು ಸಿಎಫ್‌ಟೈಮ್ ಎಂಬ ತಂತ್ರಾಂಶಗಳ ಜೋಡಿ.

ಈ ಜೋಡಿಯ ಕೆಲಸ ನನಗೆ ಬಹುಮಟ್ಟಿಗೆ ಒಪ್ಪಿಗೆ. 360 ದಿನದ ಸರಣಿಯಲ್ಲಿ ‘2050-07-31’ರವರೆಗೆ ಕೊಡು ಎಂದರೆ ಅಂಥ ದಿನವಿಲ್ಲವೆಂದು ಮುಖಕ್ಕೆ ಹೇಳುತ್ತದೆ. ‘2050-07’ ಎಂದಷ್ಟೇ ಬರೆದರೆ ಇಡೀ ತಿಂಗಳು ಕೈಗೆ ಸಿಗುತ್ತದೆ. ಈ ಪಂಚಾಂಗವನ್ನು ಬೇರೊಂದಕ್ಕೆ ಬದಲಿಸುವಾಗಲೂ ದಿನಗಳನ್ನು ಹೇಗೆ ಹೊಂದಿಸಬೇಕೆಂದು ನಮ್ಮನ್ನೇ ಕೇಳುತ್ತದೆ, ತಾನಾಗಿ ಊಹಿಸುವುದಿಲ್ಲ.

ಊಹಿಸುವುದು ಬೇರೆ ಕಡೆ, ಅಲ್ಲೇ ನನ್ನ ತಕರಾರು. ಕಡತದಲ್ಲಿ ಪಂಚಾಂಗದ ಹೆಸರೇ ಬಿಟ್ಟುಹೋಗಿದ್ದರೆ ಅದು ಸಾಮಾನ್ಯ ಕ್ಯಾಲೆಂಡರ್ ಎಂದು ಸದ್ದಿಲ್ಲದೆ ಭಾವಿಸಲಾಗುತ್ತದೆ. 360 ದಿನದ ದತ್ತಾಂಶವನ್ನು ಹಾಗೆ ಓದಿದರೆ ವರ್ಷಕ್ಕೆ ಐದು ದಿನ ಚಿಲ್ಲರೆ, ನೂರು ವರ್ಷಕ್ಕೆ ಸುಮಾರು 525 ದಿನ ಹಿಂದೆ ಬೀಳುತ್ತದೆ. ಸೊರಬದ ಮುಂಗಾರು ನಕ್ಷೆಯ ಮೇಲೆ ಬೇಸಿಗೆಗೆ, ಚಳಿಗಾಲಕ್ಕೆ ಸರಿಯುತ್ತಾ ಹೋದರೂ ಎಲ್ಲೂ ಒಂದು ಎಚ್ಚರಿಕೆಯಿಲ್ಲ. ಬಂದಳಿಕೆಯ ಲಿಪಿಕಾರ ಅಂಕಿಯ ಜೊತೆ ಹೆಸರನ್ನೂ ಕೊರೆದಿದ್ದ. ನಮ್ಮ ಕಡತ ಬರೆಯುವವರಿಗೆ ಅಷ್ಟೂ ವ್ಯವಧಾನವಿಲ್ಲ.

ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಮಾಪಕಕ್ಕೆ 122 ದಿನ, 360 ದಿನದ ಮಾದರಿಗೆ 120. ಒಟ್ಟು ಮಳೆ ಹೋಲಿಸುವ ಮುನ್ನ ಆ ಎರಡು ದಿನದ ಲೆಕ್ಕ ಕೊಡಿ.